ಎಣ್ಣೆಯ ಡಬ್ಬಿಯ ಮೇಲಿನ ಎರಡು ಅಂಕಿಗಳು

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಯೊಬ್ಬನು ಇಂಜಿನ್ನಿನ ಎಣ್ಣೆಯ ವಿಚಾರವಾಗಿ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಮಿತ್ರರಲ್ಲಿ ಕೆಲವರಿಗೆ ತೋರಬಹುದು. ಆದರೆ ನಮ್ಮ ಮನೆಯಲ್ಲಿ ಇದು ಅನ್ನದ ಪ್ರಶ್ನೆ. ನಮ್ಮ ತಂದೆಯವರು ಹೀರೋ ಸ್ಪ್ಲೆಂಡರ್ ಗಾಡಿಯ ಮೇಲೆ ಬಟ್ಟೆಯ ಗಂಟು ಕಟ್ಟಿಕೊಂಡು ರಾಯಚೂರು ಸೀಮೆಯ ಸಂತೆಗಳನ್ನು ಸುತ್ತುತ್ತಾರೆ. ಗಾಡಿ ನಿಂತ ವಾರ ವ್ಯಾಪಾರವೂ ನಿಂತಂತೆಯೆ. ಗಾಡಿಯೊಡನೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. "ದಪ್ಪನ ಎಣ್ಣಿ ಹಾಕ್ರಿ ಅಂತಾನ ಮೇಸ್ತ್ರಿ. ಪುಸ್ತಕದಾಗ ಏನೈತಿ ನೋಡಪ" ಎಂದು ತಂದೆಯವರು ಕೇಳಿದಾಗ ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಕೈಪಿಡಿಯಲ್ಲಿದ್ದುದು 10ಡಬ್ಲ್ಯು-30. ಮೇಸ್ತ್ರಿ ಹೇಳಿದುದು 20ಡಬ್ಲ್ಯು-50. ಈ ಅಂಕಿಗಳ ಅರ್ಥವನ್ನರಸಿ ನಾನು ಓದಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತೇನೆ.

ದ್ರವವು ಹರಿಯಲು ಒಡ್ಡುವ ತಡೆಗೆ ಸ್ನಿಗ್ಧತೆಯೆಂದು ಹೆಸರು. ನೀರಿನ ಸ್ನಿಗ್ಧತೆ ಅಲ್ಪ, ಜೋನಿಬೆಲ್ಲದ್ದು ಅಧಿಕ. ಕಾವು ಏರಿದಂತೆಲ್ಲ ಇದು ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ಸೀಸೆಯಿಂದ ನಿಧಾನವಾಗಿ ಇಳಿಯುವ ಎಣ್ಣೆಯು ಒಗ್ಗರಣೆಯ ಹೊತ್ತಿಗೆ ಬಾಣಲೆಯಲ್ಲಿ ನೀರಿನಂತೆ ಓಡಾಡುವುದನ್ನು ನೋಡದವರಾರು? ನಮ್ಮ ಹಿರಿಯರು ಬಂಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಹಚ್ಚುತ್ತಿದ್ದರು. ಮೆಲ್ಲಗೆ ತಿರುಗುವ, ಭಾರ ಹೊತ್ತ ಅಚ್ಚಿಗೆ ಮಂದವಾದ ಕೀಲೆಣ್ಣೆಯೇ ಸರಿ. ಆದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಇಂಜಿನ್ನಿಗೆ ಬಂಡಿಯ ನ್ಯಾಯ ಹೊಂದುವುದಿಲ್ಲ.

ಯಾಕೆ ಹೊಂದುವುದಿಲ್ಲವೆಂಬುದನ್ನು ತಿಳಿಯಲು 1883ರ ಒಂದು ಪ್ರಯೋಗ ಬಹಳ ಸಹಾಯಕವಾಗಿದೆ. ಇಂಗ್ಲೆಂಡಿನ ಬೋಷಾಂ ಟವರ್ ಎಂಬವರು ರೈಲುಗಾಡಿಯ ಅಚ್ಚು ಕೂರುವ ಬೇರಿಂಗನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡುವುದಕ್ಕೆಂದು ಅದರ ನೆತ್ತಿಯಲ್ಲಿ ಒಂದು ರಂಧ್ರ ಕೊರೆದರು. ಅಚ್ಚು ತಿರುಗತೊಡಗಿದೊಡನೆ ಎಣ್ಣೆ ಒಳಗಿಳಿಯುವುದರ ಬದಲು ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬೆಣೆ ಬಡಿದು ಮುಚ್ಚಿದರೆ ಬೆಣೆಯನ್ನೇ ಹೊರಕ್ಕೆ ತಳ್ಳಿತು! ಒತ್ತಡ ಅಳೆಯುವ ಮಾಪಕವನ್ನು ಕೂರಿಸಿದಾಗ ಅದರ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನು ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರವಾದರೋ 100 ಪೌಂಡು. ಎಂದರೆ, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿಗೆ ಎಳೆದುಕೊಂಡು ಒತ್ತಡ ಹುಟ್ಟಿಸಿ, ಆ ತೆಳುಪೊರೆಯ ಮೇಲೆ ತೇಲುತ್ತಿತ್ತು. ಇದರ ಗಣಿತವನ್ನು ಆಸ್‌ಬರ್ನ್ ರೆನಾಲ್ಡ್ಸ್ ಅವರು 1886ರಲ್ಲಿ ಬಿಡಿಸಿಟ್ಟರು. ಎಣ್ಣೆಯ ಸ್ನಿಗ್ಧತೆ, ತಿರುಗುವ ವೇಗ, ಮೇಲಿನ ಭಾರ, ನಡುವಣ ತೆರಪು ಇವುಗಳು ಒಂದಕ್ಕೊಂದು ಹೊಂದಿದರೆ ಪೊರೆ ಉಳಿಯುತ್ತದೆ. ಎಣ್ಣೆ ತೀರ ತೆಳುವಾದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತೀರ ಮಂದವಾದರೆ ಎಣ್ಣೆಯನ್ನು ಕಡೆಯುವುದಕ್ಕೇ ಇಂಜಿನ್ನಿನ ಶಕ್ತಿ ವೆಚ್ಚವಾಗಿ ಪೆಟ್ರೋಲು ಹೆಚ್ಚು ಉರಿಯುತ್ತದೆ. ಆದುದರಿಂದ "ದಪ್ಪವಾದಷ್ಟೂ ಒಳ್ಳೆಯದು" ಎಂಬ ಮಾತು ನಿಲ್ಲುವುದಿಲ್ಲ.

ಇನ್ನು ಅಂಕಿಗಳು. ಇವನ್ನು ಗೊತ್ತುಪಡಿಸಿದುದು ಎಸ್.ಎ.ಇ. ಎಂಬ ಅಮೆರಿಕದ ವಾಹನ ಇಂಜಿನಿಯರರ ಸಂಘ. ಇದರ ವರ್ಗೀಕರಣ 1911ರಷ್ಟು ಹಳೆಯದು. ಡಬ್ಲ್ಯು ಎಂದರೆ ತೂಕವಲ್ಲ, ಚಳಿಗಾಲಕ್ಕೆ ಇಂಗ್ಲಿಷಿನಲ್ಲಿರುವ ಪದದ ಮೊದಲಕ್ಷರ. 10ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಂಜಿನ್ ತಿರುಗೀತೇ ಎಂದು ಪರೀಕ್ಷಿಸುತ್ತಾರೆ. 20ಡಬ್ಲ್ಯು ಎಣ್ಣೆಯನ್ನು 15 ಡಿಗ್ರಿ ಕೆಳಗೆ. ಎರಡನೆಯ ಅಂಕಿ 100 ಡಿಗ್ರಿ ಕಾವಿನದು. ಅಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸಿನೊಳಗೆ, 50ರದು 16.3ರಿಂದ 21.9ರೊಳಗೆ ಇರಬೇಕು. ಕೋಣೆಯ ಕಾವಿನ ನೀರಿನದು ಸುಮಾರು 1 ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ.

ಇಲ್ಲಿ ಅನೇಕರಿಗೆ ಒಂದು ಭ್ರಮೆಯುಂಟು. 10ಡಬ್ಲ್ಯು-30 ಎಂದರೆ ತಣ್ಣಗಿದ್ದಾಗ ಹತ್ತರಷ್ಟು ತೆಳು, ಬಿಸಿಯಾದಾಗ ಮೂವತ್ತರಷ್ಟು ದಪ್ಪ ಎಂದು ಭಾವಿಸುತ್ತಾರೆ. ಬಿಸಿಯಾಗಿ ದಪ್ಪಗಾಗುವ ಎಣ್ಣೆ ಯಾವ ಅಂಗಡಿಯಲ್ಲಿಯೂ ಇಲ್ಲ. ಎರಡು ಅಂಕಿಗಳೂ ಎರಡು ಬೇರೆ ಅಳತೆಗೋಲುಗಳವು. ಅದೇ 10ಡಬ್ಲ್ಯು-30 ಎಣ್ಣೆ 40 ಡಿಗ್ರಿಯಲ್ಲಿ, 100 ಡಿಗ್ರಿಯಲ್ಲಿದ್ದುದಕ್ಕಿಂತ ಸಾಮಾನ್ಯವಾಗಿ ಆರು ಪಟ್ಟು ಮಂದವಾಗಿರುತ್ತದೆ. ಕಾವಿಗೆ ಬಹಳ ತೆಳುವಾಗದಂತೆ ಅದರಲ್ಲಿ ಉದ್ದ ಎಳೆಯ ಅಣುಗಳ ಪದಾರ್ಥವನ್ನು ಬೆರೆಸಿರುತ್ತಾರೆ. ತಣ್ಣಗಿದ್ದಾಗ ಆ ಎಳೆಗಳು ಸುತ್ತಿಕೊಂಡಿದ್ದು, ಬಿಸಿಯಲ್ಲಿ ಹರಡಿಕೊಂಡು ಎಣ್ಣೆಯನ್ನು ತಡೆದು ಹಿಡಿಯುತ್ತವೆ.

ರಾಯಚೂರಿನಲ್ಲಿ ಹಿಮ ಬೀಳುವುದಿಲ್ಲವಾದುದರಿಂದ ಮೊದಲ ಅಂಕಿ ನಮಗೆ ಬೇಡವೆಂದು ನಾನೂ ವಾದಿಸಿ ನೋಡಿದೆ. ಆದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆಯೆಲ್ಲ ತಳಕ್ಕೆ ಇಳಿದಿರುತ್ತದೆ. ಕಿಕ್ ಹೊಡೆದ ಮೇಲೆ ಪಂಪು ಅದನ್ನು ತಲೆಭಾಗದ ಕ್ಯಾಮಿನವರೆಗೆ ಏರಿಸಬೇಕು. 20ಡಬ್ಲ್ಯು-50 ನಮ್ಮ ಸಾಧಾರಣ ಬೆಳಗಿನಲ್ಲಿಯೂ 10ಡಬ್ಲ್ಯು-30ಕ್ಕಿಂತ ಸುಮಾರು ಎರಡು ಪಟ್ಟು ಮಂದ. ನಸುಕಿನಲ್ಲೆದ್ದು ಸಂತೆಗೆ ಹೊರಡುವವರಿಗೆ ಇದು ದಿನನಿತ್ಯದ ಸವೆತ. ಮೇಸ್ತ್ರಿಯವರ ಮಾತಿನಲ್ಲಿ ಸತ್ಯವೇ ಇಲ್ಲವೆಂದು ಹೇಳಲಾರೆ. ಗಾಳಿಯಿಂದಲೇ ತಣಿಯುವ ಇಂಜಿನ್ ವೈಶಾಖದಲ್ಲಿ ಹೆಚ್ಚು ಕಾಯುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಗೆ ತಯಾರಕರೇ 15ಡಬ್ಲ್ಯು-50 ಹೇಳಿದ್ದಾರೆ. ಆದರೆ ಅದರ ತೆರಪು, ಪಂಪು ಆ ಎಣ್ಣೆಗೆ ಹೊಂದಿಸಿದವು, ಇದರವು ಇದಕ್ಕೆ. ಸ್ಪ್ಲೆಂಡರನ್ನು ಮಾಡಿದವರೂ ನಮ್ಮ ದೇಶದ ಬಿಸಿಲನ್ನು ಅರಿಯದವರಲ್ಲ. ಕೈಪಿಡಿಯು ಹವೆಗೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಕೊಟ್ಟಿದ್ದರೆ ಮಾತ್ರ ಬೇಸಿಗೆಗೆ ಮಂದವಾದುದನ್ನು ಆರಿಸಬಹುದು.

ಹಳೆಯ ಗಾಡಿ ನೀಲಿ ಹೊಗೆ ಉಗುಳುತ್ತಿದ್ದರೆ ಮಂದ ಎಣ್ಣೆಯಿಂದ ಕೆಲವು ದಿನ ಹೊಗೆ ತಗ್ಗೀತು. ಆದರೆ ಸವೆದ ಪಿಸ್ಟನ್ ರಿಂಗು ಎಣ್ಣೆಯಿಂದ ಬೆಳೆಯುವುದಿಲ್ಲ.

ಸ್ನಿಗ್ಧತೆ ಸರಿಯಿದ್ದರೂ ಕಾರಿನ ಎಣ್ಣೆಯನ್ನು ಮೋಟಾರ್ ಸೈಕಲ್ಲಿಗೆ ಹಾಕಬಾರದು. ಇದರಲ್ಲಿ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ಪದಾರ್ಥಗಳಿದ್ದು, ಅವುಗಳಿಂದ ಕ್ಲಚ್ಚಿನ ಹಿಡಿತ ಜಾರುತ್ತದೆ. ಡಬ್ಬಿಯ ಮೇಲೆ ಜಾಸೋ ಎಂ.ಎ. ಎಂಬ ಜಪಾನಿನ ಗುರುತು ಇದೆಯೇ ಎಂದು ನೋಡಬೇಕು. ಗೇರಿಲ್ಲದ ಸ್ಕೂಟರುಗಳ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದಿಲ್ಲವಾದುದರಿಂದ ಅವಕ್ಕೆ ಎಂ.ಬಿ. ಗುರುತಿನದು ಬರುತ್ತದೆ, ಅಂಗಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಒಂದೇ ಬಣ್ಣದ ಡಬ್ಬಿಯಲ್ಲಿ ಇರುವುದುಂಟು.