ಪಂಪ್ ಇಳಿಸುವ ಮೊದಲು ಪೈಪ್ ನೋಡಿ

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನವನು, ವಯಸ್ಸು 34. ಎರಡೆಕರೆ ಟೊಮೆಟೊ ಇದೆ. ಬಾಡಿಗೆ ಗಾಡಿಯವರ ಕಾಟ ತಾಳಲಾರದೆ ಹತ್ತು ದಿನದ ಹಿಂದೆ 2013ರ ಡೀಸೆಲ್ ಪಿಕಪ್ ಒಂದನ್ನು 2,40,000 ರೂಪಾಯಿಗೆ ಕೊಂಡೆ. ಹೆಂಡತಿಯ ಬಳೆ ಅಡ ಇಟ್ಟಿದ್ದೇನೆ. ಕೈಯಲ್ಲಿ ಉಳಿದಿರುವುದು 35,000. ಬೆಳಿಗ್ಗೆ ಹತ್ತು ಹದಿನೈದು ಸಲ ಸೆಲ್ಫ್ ಹೊಡೆದರೇನೇ ಗಾಡಿ ಸ್ಟಾರ್ಟ್ ಆಗುವುದು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆಯಿಲ್ಲ. ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ. ಡೀಸೆಲ್ ಪಂಪ್ ಇಳಿಸಬೇಕು, 28,000 ಆಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಭಾವಮೈದ ಮಾರಿಬಿಡು ಅನ್ನುತ್ತಾನೆ. ಅಪ್ಪ ಮಾತೇ ಆಡುತ್ತಿಲ್ಲ. ಟ್ರಿಪ್ಪಿಗೆ 120 ಬಾಕ್ಸ್ ಹಾಕಿದರೆ ಸಾಲ ಬೇಗ ತೀರುವುದಿಲ್ಲವೇ?

ಉತ್ತರ: 'ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ತೊಂದರೆಯಿಲ್ಲ' ಎಂದು ಬರೆದಿದ್ದೀರಿ. ಮೆಕ್ಯಾನಿಕ್ಕಿಗೂ ಇದನ್ನು ಹೇಳಿದಿರಾ? ಪಂಪ್ ಸವೆದ ಗಾಡಿ ಸಾಮಾನ್ಯವಾಗಿ ಎಂಜಿನ್ ಕಾದಾಗಲೂ ಸತಾಯಿಸುತ್ತದೆ, ಏರಿನಲ್ಲಿ ದಮ್ಮು ಕಟ್ಟುತ್ತದೆ. ರಾತ್ರಿ ನಿಂತು ಬೆಳಿಗ್ಗೆ ಮಾತ್ರ ಮುನಿಸಿಕೊಳ್ಳುವ ಗಾಡಿಯಾದರೆ, ಲೈನಿನಲ್ಲಿ ಏರ್ ಹಿಡಿಯುತ್ತಿದೆ ಎಂಬುದೇ ನನ್ನ ಮೊದಲ ಅನುಮಾನ. ಡೀಸೆಲ್ ಟ್ಯಾಂಕ್ ಕೆಳಗಿರುತ್ತದೆ, ಎಂಜಿನ್ ಮೇಲಿರುತ್ತದೆ. ನಡುವಿನ ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ನುಸುಳಿ, ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಎಷ್ಟೋ ಸಲ ಇಂಥ ಬಿರುಕಿನಿಂದ ಹೊರಗೆ ಒಂದು ಹನಿಯೂ ಸೋರುವುದಿಲ್ಲ. ನೆಲ ಒಣಗಿರುವುದನ್ನು ನೋಡಿ ಪಳಗಿದ ಮೆಕ್ಯಾನಿಕ್ಕುಗಳೂ ಪಂಪಿನ ಕಡೆ ಬೆರಳು ತೋರಿಸುತ್ತಾರೆ.

ಇದನ್ನು ನೀವೇ ಪರೀಕ್ಷಿಸಬಹುದು. ಡೀಸೆಲ್ ಫಿಲ್ಟರಿನ ತಲೆಯ ಮೇಲೋ ಅದರ ಪಕ್ಕದ ಪೈಪಿನಲ್ಲೋ ಕೈಯಿಂದ ಒತ್ತುವ ಪುಟ್ಟ ಪಂಪ್ ಇರುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಅದನ್ನು ಒತ್ತಿ. ಮೆತ್ತಗೆ ಒಳಗೆ ಹೋಗಿ, ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಗಟ್ಟಿಯಾಗಿ, ಆಮೇಲೆ ಒಂದೇ ಸೆಲ್ಫಿಗೆ ಗಾಡಿ ಸ್ಟಾರ್ಟ್ ಆಯಿತೆನ್ನಿ, ಕಳ್ಳ ಸಿಕ್ಕಂತೆಯೇ. ಎಲ್ಲಿಂದ ನುಸುಳುತ್ತಿದೆ ಎಂದು ನೋಡಲು, ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪ್ ಇದೆಯಲ್ಲ, ಅದರ ಗೇಣುದ್ದದ ತುಂಡನ್ನು ಫಿಲ್ಟರಿಗೆ ಡೀಸೆಲ್ ಬರುವ ಕಡೆ ಕ್ಲಿಪ್ ಹಾಕಿ ಸಿಕ್ಕಿಸಿ. ಎಂಜಿನ್ ಓಡುವಾಗ ಸೋಡಾದಂತೆ ಗುಳ್ಳೆ ಬಂದರೆ ಟ್ಯಾಂಕಿನಿಂದ ಅಲ್ಲಿಯವರೆಗಿನ ಪೈಪ್, ಕ್ಲಿಪ್ ಹೊಸದು ಹಾಕಿಸಿ. ಗುಳ್ಳೆ ಇಲ್ಲದಿದ್ದರೆ ಫಿಲ್ಟರಿನ ವಾಷರ್ ನೋಡಿಸಿ. ನೋಡಿಯಾದ ಮೇಲೆ ಆ ತುಂಡನ್ನು ತೆಗೆದುಬಿಡಿ, ಅದು ಡೀಸೆಲ್ಲಿಗೆ ಬಾಳುವುದಿಲ್ಲ. ಹೇಗೂ ಕೈ ಹಾಕಿದ್ದೀರಿ, ಫಿಲ್ಟರನ್ನೂ ಬದಲಿಸಿ. ಹಿಂದಿನವರು ಯಾವಾಗ ಹಾಕಿಸಿದ್ದರೋ ಶಿವನೇ ಬಲ್ಲ.

ಕೈಪಂಪ್ ಮೊದಲ ಒತ್ತಿಗೇ ಗಟ್ಟಿಯಾಗಿದ್ದೂ ಗಾಡಿ ಸ್ಟಾರ್ಟ್ ಆಗದಿದ್ದರೆ, ಹೀಟರ್ ಪ್ಲಗ್ ಇರುವ ಎಂಜಿನ್ನಾದರೆ ಅದನ್ನು ನೋಡಿಸಿ. ಅದೂ ಸರಿಯಿದ್ದರೆ ಆಮೇಲೆ ಡೀಸೆಲ್ ಪಂಪಿನ ಮಾತು.

ನನ್ನ ಮೊದಲ ವ್ಯಾನ್ ಸ್ಟಾರ್ಟ್ ಆಗದಿದ್ದಾಗ ನಾನು ಬ್ಯಾಟರಿ ಬದಲಿಸಿದೆ, ಸೆಲ್ಫ್ ಮೋಟಾರ್ ಕಟ್ಟಿಸಿದೆ. ಕೊನೆಗೆ ನೋಡಿದರೆ ಚಾಸಿಗೆ ಬಿಗಿಯುವ ಅರ್ಥಿಂಗ್ ತಂತಿಯ ತುದಿ ಕಿಲುಬು ಹಿಡಿದಿತ್ತು. ಎಮರಿ ಕಾಗದದಲ್ಲಿ ಉಜ್ಜಿದ ಹುಡುಗನಿಗೆ ಕೊಟ್ಟದ್ದು ಒಂದು ಟೀ, ಎರಡು ಬನ್ನು.

ಸ್ಟೇರಿಂಗ್ ಎಳೆತಕ್ಕೆ ನೇರವಾಗಿ ಅಲೈನ್‌ಮೆಂಟ್ ಅಂಗಡಿಗೆ ಹೋಗಬೇಡಿ. ಮೊದಲು ಮುಂದಿನ ಎರಡೂ ಟೈರಿನ ಗಾಳಿ ಸಮ ಮಾಡಿಸಿ. ಆಮೇಲೆ ಖಾಲಿ ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ನಿಲ್ಲಿಸಿ, ಮುಂದಿನ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಎಡಗಡೆಯದು ಮಾತ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಜಾಮ್ ಆಗಿದೆ. ಹಾಗಿರಲಿ ಬಿಡಲಿ, ನಿಮ್ಮ 35,000ದಲ್ಲಿ ಮೊದಲ ಪಾಲು ಬ್ರೇಕಿಗೆ: ನಾಲ್ಕೂ ಚಕ್ರ ಬಿಚ್ಚಿಸಿ, ಎದುರಿಗೆ ನಿಂತು ನೋಡಿ, ಆಯಿಲ್ ಹೊಸದು ಹಾಕಿಸಿ. ಸ್ಟಾರ್ಟ್ ಆಗದ ಗಾಡಿ ಮನೆ ಮುಂದೆ ನಿಲ್ಲುತ್ತದೆ ಅಷ್ಟೆ, ನಿಲ್ಲದ ಗಾಡಿಯ ಕಥೆ ಬೇರೆ.

ಎರಡನೆಯ ಪಾಲು ಟೈರಿಗೆ. ಮಾರುವವರು ಹಳೆಯ ಟೈರಿಗೆ ಕಪ್ಪು ಪಾಲಿಶ್ ಬಳಿದಿರುತ್ತಾರೆ, ಬಟನ್ ನೋಡಿ ಮರುಳಾಗಬೇಡಿ. ಪಕ್ಕದಲ್ಲಿ ನಾಲ್ಕಂಕಿಯ ಒತ್ತು ಇರುತ್ತದೆ. 3116 ಎಂದಿದ್ದರೆ 2016ರ 31ನೇ ವಾರ ತಯಾರಾದದ್ದು. ಅಷ್ಟು ಹಳೆಯದು, ಅದರಲ್ಲೂ ಬಿರುಕು ಬಿಟ್ಟದ್ದು, ಮುಂದೆ ಇರಕೂಡದು.

ಕಾಗದಪತ್ರಕ್ಕೆ ಇನ್ನು ನಾಲ್ಕೇ ದಿನ. ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಕೊಡಿ ಎಂದು ಕಂಪನಿಗೆ ಅರ್ಜಿ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಗಾಡಿ ನಜ್ಜುಗುಜ್ಜಾದರೂ ಬಿಡಿಗಾಸು ಬಾರದು. ಮಾರಿದವರ ಸಹಿ ಇರುವ ಫಾರಂ 29 ಮತ್ತು 30 ಆರ್‌ಟಿಒಗೆ ಹೋಗಲಿ. ಹಿಂದಿನವರ ಸಾಲ ಆರ್‌ಸಿಯಲ್ಲಿ ಹಾಗೇ ಇದ್ದರೆ ಫಾರಂ 35, ಜೊತೆಗೆ ಬ್ಯಾಂಕಿನ ಎನ್‌ಒಸಿ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷ ವರ್ಷವೂ ಆಗಬೇಕು, ಕೊನೆಯ ದಿನಾಂಕ ನೋಡಿಕೊಳ್ಳಿ. ಬ್ಯಾಡ್ಜಿನ ಚಿಂತೆ ಬೇಡ, 7,500 ಕಿಲೋದೊಳಗಿನ ಸಾಗಣೆ ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಆ 120 ಬಾಕ್ಸು. ಬಾಕ್ಸಿಗೆ 15 ಕಿಲೋ ಹಿಡಿದರೆ ಹಣ್ಣೇ 1,800 ಕಿಲೋ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ 1,650, ಲೋಡ್ ಸಮೇತ 2,900 ಎಂದಿದೆ ಅನ್ನಿ, ಉಳಿಯುವುದು 1,250. ಅದರಲ್ಲಿ ನೀವೂ ಜೊತೆಗೊಬ್ಬರೂ ಕೂರಬೇಕು, ಖಾಲಿ ಬಾಕ್ಸಿನ ತೂಕವೂ ಸೇರಬೇಕು. 65ಕ್ಕೆ ನಿಲ್ಲಿಸಿ. ಮಿತಿಮೀರಿದ ಲೋಡಿಗೆ ಕಾನೂನಿನಲ್ಲಿ ದಂಡ 20,000ದಿಂದ ಶುರು, ಹೆಚ್ಚುವರಿ ಟನ್ನಿಗೆ 2,000 ಬೇರೆ. ಕೋಲಾರಕ್ಕೆ ಎರಡು ಟ್ರಿಪ್ ಹೊಡೆಯುವ ಡೀಸೆಲ್ ಅದಕ್ಕಿಂತ ಅಗ್ಗ. ಕಟಾವಿನ ದಿನ ಕೂಲಿ ಹೆಂಗಸರನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವುದನ್ನೂ ಬಿಡಿ. ಏನಾದರೂ ಆದರೆ ಅವರ ಪರಿಹಾರ ನಿಮ್ಮ ತಲೆಗೇ ಬರುತ್ತದೆ.

ಭಾವಮೈದನ ಮಾತಿನಂತೆ ಈಗಲೇ ಮಾರಿದರೆ, ಬೆಳಿಗ್ಗೆ ಸ್ಟಾರ್ಟ್ ಆಗದ ಗಾಡಿಗೆ ಯಾರೂ 2,40,000 ಕೊಡುವುದಿಲ್ಲ. ಒಂದು ಟೊಮೆಟೊ ಬೆಳೆ ಮುಗಿಯುವವರೆಗೆ ಇಟ್ಟುಕೊಳ್ಳಿ. 10,000 ಮುಟ್ಟದೆ ಪಕ್ಕಕ್ಕಿಡಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇರಲಿ: ಡೀಸೆಲ್, ರಿಪೇರಿ, ಉಳಿದ ಬಾಡಿಗೆ. ಲೆಕ್ಕವನ್ನು ನಿಮ್ಮ ಹೆಂಡತಿಯೇ ಬರೆಯಲಿ, ಬಳೆ ಅವರದು. ನಾಲ್ಕು ದಿನ ಗಾಡಿ ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದರೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಂಡಿಗೆ ಹೋಗಿ, ಮಾತಾಡಲಿ ಬಿಡಲಿ.

ಸದ್ಯಕ್ಕೆ ನಾಳೆ ಬೆಳಿಗ್ಗೆ ಬಾನೆಟ್ ಎತ್ತಿ. ಆ ಕೈಪಂಪ್ ಎಷ್ಟನೇ ಒತ್ತಿಗೆ ಗಟ್ಟಿಯಾಯಿತು ಎಂದು ಬರೆಯಿರಿ.