ಪುಸ್ತಕದಲ್ಲಿ ಲಾಭ, ಗಲ್ಲಾ ಖಾಲಿ

ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಕೇಂದ್ರ ಕಚೇರಿ ಇದ್ದ ಕಾರಿಲಿಯನ್ ಎಂಬ ನಿರ್ಮಾಣ ಕಂಪನಿ 2017ರ ಮಾರ್ಚ್‌ನಲ್ಲಿ ತನ್ನ ಹಿಂದಿನ ವರ್ಷದ ಲೆಕ್ಕಪತ್ರ ಪ್ರಕಟಿಸಿತು. ವಹಿವಾಟು ಸುಮಾರು 520 ಕೋಟಿ ಪೌಂಡ್. ತೆರಿಗೆ ಕಟ್ಟುವ ಮೊದಲಿನ ಲಾಭ 14 ಕೋಟಿಗೂ ಮೇಲೆ. ಷೇರುದಾರರಿಗೆ ಆ ವರ್ಷದ ಲಾಭಾಂಶವೆಂದು 7.9 ಕೋಟಿ ಪೌಂಡ್ ಗೊತ್ತುಮಾಡಿತು. ಹತ್ತು ತಿಂಗಳಾದ ಮೇಲೆ, 2018ರ ಜನವರಿ 15ರಂದು, ಅದೇ ಕಂಪನಿಗೆ ಬೀಗ ಬಿತ್ತು. ಕೊಡಬೇಕಾದ ಸಾಲ, ಬಾಕಿ, ಪಿಂಚಣಿ ಎಲ್ಲ ಸೇರಿ ಸುಮಾರು 700 ಕೋಟಿ ಪೌಂಡ್ ಇತ್ತು. ಕೈಯಲ್ಲಿ ಉಳಿದಿದ್ದ ನಗದು 2.9 ಕೋಟಿ.

ಲಾಭದಲ್ಲಿದ್ದ ಕಂಪನಿ ಇಷ್ಟು ಬೇಗ ಮುಳುಗುವುದು ಹೇಗೆ? ಈ ವಿಷಯಕ್ಕೆ ಹೊಸಬರಾದವರಿಗೆ ಮೊದಲು ಬರುವ ಅನುಮಾನವೇ ಇದು. ಯಾರೋ ದುಡ್ಡು ಕದ್ದಿರಬೇಕು ಅನ್ನಿಸುತ್ತದೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಳ್ಳತನವೇ ಇಲ್ಲದೆಯೂ ಇಂಥ ಕಂಪನಿ ಹೀಗೆ ಬೀಳಬಹುದು. ಅದು ಹೇಗೆಂದು ತಿಳಿದರೆ ಊರಿನ ಆಡಳಿತ ನಡೆಸುವ ಕೌನ್ಸಿಲ್‌ಗಳು ಯಾಕೆ ಕೈಯೆತ್ತುತ್ತವೆ ಎಂಬುದೂ ಅರ್ಧ ತಿಳಿದಂತೆ.

ಮೊದಲು ಟೆಂಡರ್ ನೋಡೋಣ. ಒಂದು ಶಾಲೆ ಕಟ್ಟಿಕೊಡಲು ಗುತ್ತಿಗೆದಾರ 100 ರೂಪಾಯಿ ದರ ಹಾಕುತ್ತಾನೆ ಎನ್ನಿ. ಸಿಮೆಂಟು, ಕಬ್ಬಿಣ, ಕೂಲಿ, ಯಂತ್ರದ ಬಾಡಿಗೆ ಸೇರಿ 97 ರೂಪಾಯಿ ಖರ್ಚಾಗುತ್ತದೆ ಎಂಬುದು ಅವನ ಅಂದಾಜು. ಉಳಿಯುವುದು ಮೂರು ರೂಪಾಯಿ. ಬ್ರಿಟನ್ನಿನ ದೊಡ್ಡ ನಿರ್ಮಾಣ ಕಂಪನಿಗಳ ಲಾಭ ಬಹುಕಾಲದಿಂದ ಇಷ್ಟೇ ತೆಳು. ಕಡಿಮೆ ದರ ಹಾಕಿದವರಿಗೇ ಕೆಲಸ ಸಿಗುವುದರಿಂದ ಅದಕ್ಕಿಂತ ಹೆಚ್ಚು ಇಡುವ ಧೈರ್ಯ ಯಾರಿಗೂ ಇಲ್ಲ. ದರವನ್ನು ಬರೆದುಕೊಡುವುದು ಇವತ್ತು, ಕಟ್ಟಡ ಮುಗಿಯುವುದು ಮೂರು ವರ್ಷದ ಮೇಲೆ. ನಡುವೆ ಕಬ್ಬಿಣದ ಬೆಲೆ ಏರುತ್ತದೆ. ಪಾಯ ತೋಡುವಾಗ ಯಾರೂ ಎಣಿಸದ ಬಂಡೆ ಸಿಗುತ್ತದೆ. ಖರ್ಚು ನೂರಕ್ಕೆ ಐದರಷ್ಟು ಏರಿದರೂ ಸಾಕು, ಮೂರು ರೂಪಾಯಿ ಲಾಭದ ಕೆಲಸ ಸುಮಾರು ಎರಡು ರೂಪಾಯಿ ನಷ್ಟದ್ದಾಗುತ್ತದೆ. ಹತ್ತು ಕೆಲಸಗಳಲ್ಲಿ ಮೂರೋ ನಾಲ್ಕೋ ಇದಕ್ಕಿಂತ ಬಹಳ ಹೆಚ್ಚು ಕೆಟ್ಟರೆ ಉಳಿದ ಆರೇಳರ ಲಾಭವೆಲ್ಲ ಅಲ್ಲಿಗೇ ಹೋಯಿತು.

ಕಾರಿಲಿಯನ್‌ಗೆ ಕೆಟ್ಟ ಕೆಲಸಗಳು ಎಲ್ಲಿದ್ದವು ಎಂಬುದು ದಾಖಲಾಗಿದೆ: ಲಿವರ್‌ಪೂಲ್‌ನ ರಾಯಲ್ ಆಸ್ಪತ್ರೆ, ಬರ್ಮಿಂಗ್‌ಹ್ಯಾಮ್ ಬಳಿಯ ಮಿಡ್‌ಲ್ಯಾಂಡ್ ಮೆಟ್ರೊಪಾಲಿಟನ್ ಆಸ್ಪತ್ರೆ, ಸ್ಕಾಟ್ಲೆಂಡಿನ ಅಬರ್ಡೀನ್ ವರ್ತುಲ ರಸ್ತೆ, ಕತಾರ್‌ನ ಮ್ಶೈರೆಬ್ ಯೋಜನೆ. ಲಿವರ್‌ಪೂಲ್‌ನಲ್ಲಿ ಕಟ್ಟಿದ ತೊಲೆಗಳಲ್ಲೇ ಬಿರುಕು ಕಂಡಿತು. 2017ರಲ್ಲಿ ಬಾಗಿಲು ತೆರೆಯಬೇಕಿದ್ದ ಆ ಆಸ್ಪತ್ರೆ ತೆರೆದದ್ದು 2022ರಲ್ಲಿ. ಐದು ವರ್ಷ ಲಿವರ್‌ಪೂಲ್‌ನ ರೋಗಿಗಳು ಹಳೆಯ ಕಟ್ಟಡದಲ್ಲೇ ಉಳಿದರು. ಇಂಥ ದಿವಾಳಿಯನ್ನು ಬರಿಯ ಷೇರುಪೇಟೆಯ ಸುದ್ದಿಯೆಂದು ಓದಬೇಡಿ.

ಇನ್ನು ಲೆಕ್ಕಪತ್ರ ಬರೆಯುವ ಕ್ರಮ. ಮೂರು ವರ್ಷದ ಕೆಲಸದಲ್ಲಿ ಲಾಭವನ್ನು ಕೊನೆಗೆ ಒಟ್ಟಿಗೆ ಬರೆಯುವುದಿಲ್ಲ. ಕೆಲಸ ಎಷ್ಟು ಆಗಿದೆಯೋ ಅಷ್ಟರ ಲಾಭವನ್ನು ವರ್ಷವರ್ಷವೂ ಬರೆಯುತ್ತಾರೆ. ಎಷ್ಟು ಆಗಿದೆ, ಕೊನೆಗೆ ಎಷ್ಟು ಉಳಿಯಬಹುದು ಎಂದು ಅಂದಾಜಿಸುವವರು ಕಂಪನಿಯವರೇ. ಹೆಚ್ಚುವರಿ ಕೆಲಸಕ್ಕೆಂದು ಹಾಕಿದ ಬಿಲ್ಲಿಗೆ ಕಟ್ಟಿಸುವವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ ಎನ್ನಿ. ಬರುತ್ತದೆ ಎಂಬ ಭರವಸೆಯ ಮೇಲೆ ಅದನ್ನೂ ಆದಾಯದ ಕಡೆ ಸೇರಿಸಬಹುದು. ಹಾಗೆ ಸೇರಿದ ಲಾಭದಿಂದ ಬಟವಾಡೆ ಮಾಡಲು ಆಗುವುದಿಲ್ಲ. ಈ ಅಂದಾಜುಗಳು ಸುಳ್ಳಾದವೆಂದು ಕಾರಿಲಿಯನ್ 2017ರ ಜುಲೈ 10ರಂದು ಒಪ್ಪಿಕೊಂಡಿತು. ಒಂದೇ ಏಟಿಗೆ 84.5 ಕೋಟಿ ಪೌಂಡ್‌ನಷ್ಟು ಮೊತ್ತವನ್ನು ಲೆಕ್ಕದಿಂದ ಹೊಡೆದುಹಾಕಬೇಕಾಯಿತು.

ಆದರೂ ಅಷ್ಟು ವರ್ಷ ಕಂಪನಿ ನಡೆದದ್ದು ಯಾವ ದುಡ್ಡಿನಲ್ಲಿ? ಈ ಭಾಗವನ್ನು ಮಾತ್ರ ಅವಸರ ಮಾಡದೆ ಓದಬೇಕು.

ನಿಮ್ಮ ಕಂಪನಿ ತಿಂಗಳಿಗೆ ಒಂದು ಕೋಟಿಯ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಕಟ್ಟಿಸುವವರು ಬಿಲ್ಲಿನ ಹಣವನ್ನು 30 ದಿನಕ್ಕೆ ಕೊಡುತ್ತಾರೆ. ನೀವು ಮರಳು ತಂದವರಿಗೆ, ವೈರಿಂಗ್ ಮಾಡಿದವರಿಗೆ, ಬಣ್ಣ ಬಳಿದವರಿಗೆ 120 ದಿನಕ್ಕೆ ಕೊಡುತ್ತೀರಿ. ನಡುವಿನ ತೊಂಬತ್ತು ದಿನ ಅವರ ದುಡ್ಡು ನಿಮ್ಮ ಖಾತೆಯಲ್ಲಿರುತ್ತದೆ, ಹತ್ತಿರ ಹತ್ತಿರ ಮೂರು ಕೋಟಿ. ವ್ಯವಹಾರ ಇಮ್ಮಡಿಯಾದರೆ ಅದು ಆರು ಕೋಟಿಯಾಗುತ್ತದೆ. ನಿಮಗೆ ಲಾಭವೇ ಬಂದಿರದಿದ್ದರೂ ಖಾತೆ ತುಂಬಿದಂತೆ ಕಾಣುತ್ತದೆ. ಅದರಿಂದ ಲಾಭಾಂಶ ಹಂಚಿದಿರಿ, ಇನ್ನೊಂದು ಕಂಪನಿ ಕೊಂಡಿರಿ. ಆಮೇಲೆ ಒಂದು ವರ್ಷ ಹೊಸ ಕೆಲಸ ಕಡಿಮೆಯಾಯಿತು. ಒಳಬರುವ ಹಣ ಮೊದಲು ನಿಲ್ಲುತ್ತದೆ, ಹಳೆಯ ಬಾಕಿಯನ್ನು ಇನ್ನೂ ಮೂರು ತಿಂಗಳು ಕೊಡುತ್ತಲೇ ಇರಬೇಕಾಗುತ್ತದೆ. ಅದನ್ನು ತೀರಿಸಲು ಹೊಸ ಕೆಲಸ ಬೇಕು, ಹೊಸ ಕೆಲಸ ಬೇಕೆಂದರೆ ಟೆಂಡರ್ ಗೆಲ್ಲಬೇಕು, ಗೆಲ್ಲಲು ದರ ಇನ್ನೂ ಇಳಿಸಬೇಕು. ಇಳಿಸಿದ ದರದ ಕೆಲಸವೇ ಮುಂದಿನ ನಷ್ಟ. ಇಸ್ಪೀಟೆಲೆಯ ಗೋಪುರಕ್ಕೆ ಮೇಲೆ ಮೇಲೆ ಎಲೆ ಜೋಡಿಸುತ್ತಾ ಹೋದಂತೆ ಇದು. ಕೈ ನಿಲ್ಲಿಸುವ ಹಾಗೂ ಇಲ್ಲ, ಮುಂದುವರಿಸುವ ಹಾಗೂ ಇಲ್ಲ.

120 ದಿನದ ಆ ವಾಯಿದೆ ನಾನು ಉದಾಹರಣೆಗೆ ಕಟ್ಟಿದ್ದಲ್ಲ. ಕಾರಿಲಿಯನ್ ತನ್ನ ಸಣ್ಣ ಪೂರೈಕೆದಾರರಿಗೆ ಹಾಕಿದ್ದ ಷರತ್ತೇ ಅದು. ಬೇಗ ಬೇಕೆಂದರೆ ಬ್ಯಾಂಕಿನ ಮೂಲಕ ಒಂದಿಷ್ಟು ಮುರಿದುಕೊಂಡು ಕೊಡುವ ಏರ್ಪಾಡೂ ಇತ್ತು. ಕಂಪನಿ ಬಿದ್ದ ದಿನ ಸುಮಾರು 30,000 ಪೂರೈಕೆದಾರರಿಗೆ ಹಣ ಬರಬೇಕಿತ್ತು. ಬ್ಯಾಂಕುಗಳಿಗೆ ವಕೀಲರಿದ್ದರು, ನಿರ್ದೇಶಕರಿಗೆ ಸಂಬಳ ಬಂದಾಗಿತ್ತು. ನಾಲ್ಕಾರು ಜನರನ್ನು ಇಟ್ಟುಕೊಂಡು ಪ್ಲಂಬಿಂಗ್ ಮಾಡುವವನು ತನ್ನ ಕೆಲಸವನ್ನು ಸರಿಯಾಗಿಯೇ ಮುಗಿಸಿದ್ದರೂ ನಾಲ್ಕು ತಿಂಗಳ ದುಡಿಮೆ ಕಳೆದುಕೊಂಡ. ದೊಡ್ಡ ಗುತ್ತಿಗೆದಾರರಿಗೆ ನಿಜವಾಗಿ ಸಾಲ ಕೊಡುವವನು ಅವನೇ, ಅದೂ ಬಡ್ಡಿಯಿಲ್ಲದೆ. ಇದನ್ನು ವ್ಯಾಪಾರದ ಜಾಣತನವೆಂದು ಕರೆಯಲು ನನ್ನಿಂದಾಗದು. ಇದು ಅನ್ಯಾಯ.

ಈಗ ಕೌನ್ಸಿಲ್ ವಿಷಯ. ನಮ್ಮ ನಗರಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಇಂಗ್ಲೆಂಡಿನ ಕೌನ್ಸಿಲ್ ಅರ್ಥವಾಗುವುದಿಲ್ಲ. ಕಸ, ಬೀದಿದೀಪ, ರಸ್ತೆಯ ಜೊತೆಗೆ ಇನ್ನೂ ಭಾರವಾದ ಹೊಣೆಗಳು ಅಲ್ಲಿ ಅದರ ಮೇಲಿವೆ. ಒಬ್ಬರೇ ಉಳಿದ ವೃದ್ಧರಿಗೆ ಆರೈಕೆ, ಅಂಗವಿಕಲರಿಗೆ ನೆರವು, ಮನೆಯಲ್ಲಿ ರಕ್ಷಣೆ ಸಿಗದ ಮಕ್ಕಳ ಪಾಲನೆ, ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ವಸತಿ. ದೊಡ್ಡ ಕೌನ್ಸಿಲ್‌ಗಳಲ್ಲಿ ಇವೆಲ್ಲ ಕಾನೂನಿನ ಹೊಣೆ, ದುಡ್ಡಿಲ್ಲವೆಂದು ಬಿಡುವಂತಿಲ್ಲ. ಜನರ ವಯಸ್ಸು ಏರಿದಂತೆ ಈ ಖರ್ಚೂ ಏರುತ್ತದೆ. ಆದಾಯದ ಕಡೆ ಕೈಕಾಲು ಕಟ್ಟಿದೆ. ಮನೆ ತೆರಿಗೆಯನ್ನು ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ಏರಿಸಬೇಕಾದರೆ ಜನಮತಗಣನೆ ನಡೆಸಬೇಕು. 2010ರ ನಂತರ ಕೇಂದ್ರ ಸರ್ಕಾರದ ಅನುದಾನ ಕಡಿದು ಹೋಯಿತು. ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೆ 2010–11ರಿಂದ 2017–18ರ ನಡುವೆ ಅದು ಸುಮಾರು ಅರ್ಧಕ್ಕೆ ಇಳಿಯಿತೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿತು.

ಕೌನ್ಸಿಲ್ ಕಂಪನಿಯಂತೆ ದಿವಾಳಿಯಾಗಿ ಮುಚ್ಚಿಹೋಗುವುದಿಲ್ಲ. 1988ರ ಸ್ಥಳೀಯ ಆಡಳಿತ ಹಣಕಾಸು ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ, ವರ್ಷದ ಖರ್ಚಿಗೆ ಆದಾಯ ಸಾಲದೆಂದು ಮನವರಿಕೆಯಾದರೆ ಮುಖ್ಯ ಹಣಕಾಸು ಅಧಿಕಾರಿ ನೋಟಿಸ್ ಹೊರಡಿಸಲೇಬೇಕು. ಆ ಕ್ಷಣದಿಂದ ಕಾನೂನಿನ ಹೊಣೆಗಳನ್ನು ಬಿಟ್ಟು ಉಳಿದ ಹೊಸ ಖರ್ಚು ನಿಲ್ಲುತ್ತದೆ. 21 ದಿನದೊಳಗೆ ಸದಸ್ಯರು ಸಭೆ ಸೇರಬೇಕು. 2018ರ ಫೆಬ್ರುವರಿಯಲ್ಲಿ ನಾರ್ಥಾಂಪ್ಟನ್‌ಶೈರ್‌ನಲ್ಲಿ ಈ ನೋಟಿಸ್ ಬಂತು. ಅದಕ್ಕೆ ಕೆಲವೇ ತಿಂಗಳ ಮುಂಚೆ ಆ ಕೌನ್ಸಿಲ್ 5.3 ಕೋಟಿ ಪೌಂಡ್ ಖರ್ಚಿನ ಹೊಸ ಕಚೇರಿಗೆ ಗೃಹಪ್ರವೇಶ ಮಾಡಿತ್ತು. 2021ರಲ್ಲಿ ಕೌನ್ಸಿಲ್ಲನ್ನೇ ರದ್ದು ಮಾಡಿ ಎರಡು ಹೊಸ ಸಂಸ್ಥೆಗಳನ್ನು ಕಟ್ಟಿದರು.

ಅನುದಾನ ಕಡಿದದ್ದು ಎಲ್ಲರಿಗೂ. ಆದರೆ ಬಿದ್ದವರು ಕೆಲವರು ಮಾತ್ರ. ಅವರಲ್ಲಿ ಹಲವರು ಸಾಲ ಮಾಡಿ ಸಂಪಾದಿಸಲು ಹೊರಟವರು. ಸರ್ಕಾರದಿಂದ ಕಡಿಮೆ ಬಡ್ಡಿಗೆ ಸಾಲ ತಂದು, ಅಂಗಡಿ ಮಳಿಗೆ, ಹೋಟೆಲು, ಕಟ್ಟಡ ಯೋಜನೆಗಳಿಗೆ ಹಾಕಿ, ಬರುವ ಬಾಡಿಗೆಯಿಂದ ಸೇವೆ ನಡೆಸೋಣ ಎಂಬುದು ಅವರ ಲೆಕ್ಕ. ಒಂದು ಲಕ್ಷದಷ್ಟು ಜನರಿರುವ ವೋಕಿಂಗ್ ಪಟ್ಟಣ ಗಗನಚುಂಬಿಗಳ ಮತ್ತು ಹೋಟೆಲಿನ ಯೋಜನೆಗೆ ಸಾಲ ಮಾಡಿತು. 2023ರ ಜೂನ್‌ನಲ್ಲಿ ನೋಟಿಸ್ ಬಂದಾಗ ವರ್ಷದ ಮೂಲ ಆದಾಯ 1.6 ಕೋಟಿ ಪೌಂಡ್, ಕೊರತೆ 120 ಕೋಟಿ.

ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ ಅಂತೂ ನಿರ್ಮಾಣ ಕಂಪನಿಯ ಕಥೆಯನ್ನೂ ಕೌನ್ಸಿಲ್ಲಿನ ಕಥೆಯನ್ನೂ ಒಂದು ಮಾಡಿತು. ಅದು ‘ಬ್ರಿಕ್ ಬೈ ಬ್ರಿಕ್’ ಎಂಬ ತನ್ನದೇ ಮನೆ ಕಟ್ಟುವ ಕಂಪನಿ ಸ್ಥಾಪಿಸಿ, ಸುಮಾರು 20 ಕೋಟಿ ಪೌಂಡ್ ಸಾಲ ಕೊಟ್ಟಿತು. ಮನೆಗಳು ಮಾರಾಟವಾಗಿ ಬಡ್ಡಿಯೂ ಲಾಭವೂ ಬರುತ್ತವೆಂದು ಕಾಯಿತು. ಬರಬೇಕಾದ ಹೊತ್ತಿಗೆ ಬರಲಿಲ್ಲ. 2020ರ ನವೆಂಬರ್‌ನಲ್ಲಿ ನೋಟಿಸ್ ಹೊರಟಿತು, 2022ರಲ್ಲಿ ಮತ್ತೊಮ್ಮೆ. ನಿರ್ಮಾಣ ಕಂಪನಿಗೆ ಇರುವ ಅಪಾಯವನ್ನೆಲ್ಲ ವೃದ್ಧರ ಆರೈಕೆಯ ಹೊಣೆ ಹೊತ್ತ ಸಂಸ್ಥೆ ತಾನಾಗಿ ತಲೆಯ ಮೇಲೆ ಎಳೆದುಕೊಂಡಿತ್ತು.

ಬರ್ಮಿಂಗ್‌ಹ್ಯಾಮ್‌ನ ದಾರಿ ಬೇರೆ. ಹೆಂಗಸರಿಗೆ ಸಮಾನ ವೇತನ ಕೊಡದೆ ಉಳಿಸಿಕೊಂಡಿದ್ದ ಬಾಕಿ ಮತ್ತು ದಾರಿ ತಪ್ಪಿದ ಕಂಪ್ಯೂಟರ್ ವ್ಯವಸ್ಥೆಯೊಂದು ಸೇರಿ 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಬೀಳಿಸಿದವು.

ನಮ್ಮ ರಾಜ್ಯದಲ್ಲಿ ಗಂಟು ಬೀಳುವುದು ಇನ್ನೊಂದು ತುದಿಯಲ್ಲಿ. ಬಜೆಟ್‌ನಲ್ಲಿ ಇಟ್ಟ ಹಣಕ್ಕಿಂತ ಹೆಚ್ಚಿನ ಕಾಮಗಾರಿಗೆ ಟೆಂಡರ್ ಕರೆದಾಗ ಬಿಲ್ಲುಗಳು ಸರದಿಯಲ್ಲಿ ನಿಲ್ಲುತ್ತವೆ. ಬಾಕಿ ಬಿಲ್ಲಿನ ಬಗ್ಗೆ ಗುತ್ತಿಗೆದಾರರ ಸಂಘ ಯಾವ ಪಕ್ಷದ ಸರ್ಕಾರ ಬಂದರೂ ದೂರುತ್ತಲೇ ಬಂದಿದೆ. ಬೆಂಗಳೂರಿನ ಪಾಲಿಕೆ ಹಿಂದೊಮ್ಮೆ ಸಾಲಕ್ಕಾಗಿ ತನ್ನ ಮಾರುಕಟ್ಟೆ ಕಟ್ಟಡಗಳನ್ನೇ ಅಡವಿಟ್ಟದ್ದು ಹಲವರಿಗೆ ನೆನಪಿರಬಹುದು. ಅಲ್ಲಿ ಕಂಪನಿ ತನ್ನ ಕೆಳಗಿನವರನ್ನು ಕಾಯಿಸಿತು, ಇಲ್ಲಿ ಸರ್ಕಾರವೇ ಕಂಪನಿಯನ್ನು ಕಾಯಿಸುತ್ತದೆ. ಕೊನೆಗೆ ಕಾಯುವವನು ಎರಡು ಕಡೆಯೂ ಮೇಸ್ತ್ರಿ ಮತ್ತು ಅವನ ಕೂಲಿಯಾಳು.

ನಿಮ್ಮ ಕೈಗೆ ಒಂದು ಕಂಪನಿಯ ವಾರ್ಷಿಕ ವರದಿ ಬಂದರೆ ಲಾಭದ ಪುಟವನ್ನು ದಾಟಿ ನಗದು ಹರಿವಿನ ಪುಟಕ್ಕೆ ಹೋಗಿ. ಲಾಭ ವರ್ಷವರ್ಷವೂ ಏರುತ್ತಿದ್ದು, ವ್ಯವಹಾರದಿಂದ ಬಂದ ನಗದು ಅದರ ಜೊತೆಗೆ ಏರದಿದ್ದರೆ, ಪೂರೈಕೆದಾರರಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತಿದ್ದಾರೆಂದು ಹುಡುಕಿ. ನಿಮ್ಮ ಊರಿನ ಪಾಲಿಕೆಯ ಬಜೆಟ್ ಸಿಕ್ಕರೆ ಹೊಸ ಯೋಜನೆಗಳ ಪಟ್ಟಿಗೆ ಮೊದಲು ಎರಡು ಅಂಕಿ ಗುರುತು ಹಾಕಿಕೊಳ್ಳಿ: ಹಿಂದಿನ ವರ್ಷ ನಿಜವಾಗಿ ವಸೂಲಾದ ಆಸ್ತಿ ತೆರಿಗೆ ಎಷ್ಟು, ಗುತ್ತಿಗೆದಾರರಿಗೆ ಕೊಡದೆ ಉಳಿದ ಬಾಕಿ ಎಷ್ಟು. ಎರಡನೆಯ ಅಂಕಿ ಪುಸ್ತಕದಲ್ಲಿ ಸಿಗದಿದ್ದರೆ, ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ.