ತಲೆಯ ಮೇಲಿರಲಿ, ಕಣ್ಣಿಗೆ ಬೀಳದಿರಲಿ

ಶಹಾಪುರ ಕಡೆಯ ಗೋಗಿಯಲ್ಲಿ ಕಿರಣ ಅಂದರೆ ಜನರಿಗೆ ಮೊದಲು ನೆನಪಾಗುವುದು ಯುರೇನಿಯಂ. ಅಣುಶಕ್ತಿ ಇಲಾಖೆಯವರು ಇಲ್ಲಿನ ನೆಲ ಕೊರೆದು ಅದಿರು ಪತ್ತೆ ಮಾಡಿದಂದಿನಿಂದ ಆ ಅಂಜಿಕೆ ಊರಲ್ಲಿ ಉಳಿದುಕೊಂಡಿದೆ. ಹೀಗಾಗಿ ಆಸ್ಪತ್ರೆ ಗೋಡೆಗೆ ಯುವಿ ದೀಪ ಕೂಡಿಸುವಾಗ ಸರದಿಯಲ್ಲಿ ಕೂತವರು ಕೇಳುವುದು ಒಂದೇ ಮಾತು: “ಇದು ಯುರೇನಿಯಂ ಲೈಟ್ ಏನ್ರಿ?” ಶಹಾಪುರ, ಸುರಪುರ ಕಡೆಯ ಆಸ್ಪತ್ರೆ, ಲ್ಯಾಬುಗಳಲ್ಲಿ ಈ ದೀಪ ಕೂಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಅದರಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕೇಳಿದವರಿಗೆ ಉತ್ತರ ಕೊಡಿ, ಆಮೇಲೆ ಡ್ರಿಲ್ ಹಿಡಿಯಿರಿ

ಅತಿನೇರಳೆ (ಯುವಿ) ಕಿರಣ ಸ್ವಿಚ್ ಬಂದ್ ಮಾಡಿದ ಕೂಡಲೇ ನಿಲ್ಲುತ್ತದೆ. ಗೋಡೆಯಲ್ಲಿ, ಗಾಳಿಯಲ್ಲಿ, ಮೈಯಲ್ಲಿ ವಿಕಿರಣ ಬಿಟ್ಟು ಹೋಗುವುದಿಲ್ಲ. ರೋಗಾಣು ಕೊಲ್ಲುವ ಯುವಿ-ಸಿ ಕಿರಣವನ್ನು ಕಿಟಕಿಯ ಸಾದಾ ಗಾಜೇ ತಡೆಯುತ್ತದೆ. ಇಷ್ಟು ಹೇಳಿದರೆ ಜನ ಒಪ್ಪುತ್ತಾರೆ. ಆದರೆ “ಏನೂ ಆಗೂದಿಲ್ಲ ಬಿಡ್ರಿ” ಎಂದು ಮಾತ್ರ ಹೇಳಬಾರದು. ಗ್ರಿಲ್ ಅಂಗಡಿಯಲ್ಲಿ ವೆಲ್ಡಿಂಗ್ ನೋಡಿದವರಿಗೆ ರಾತ್ರಿ ಕಣ್ಣಲ್ಲಿ ಮರಳು ಹೊಯ್ದಂತೆ ಆಗುತ್ತದಲ್ಲ, ಈ ದೀಪದ ಕಿರಣ ಕಣ್ಣಿಗೆ ನೇರವಾಗಿ ಬಿದ್ದರೂ ಅದೇ ನೋವು. ಬೀಳುವಾಗ ಉರಿಯುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಶುರುವಾಗುತ್ತದೆ. ಉರಿ ತಿಳಿಯದ್ದರಿಂದಲೇ ಜನ ಅದರ ಕೆಳಗೆ ಆರಾಮಾಗಿ ಕೂತಿರುತ್ತಾರೆ.

2. ಯುವಿ ದೀಪ ಎಲ್ಲಾ ಒಂದೇ ಅಲ್ಲ

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಪಾದರಸದ ಟ್ಯೂಬು, 254 ನ್ಯಾನೋಮೀಟರಿನದು. ವೈರಸ್ಸಿನ ಆರ್‌ಎನ್‌ಎ, ಡಿಎನ್‌ಎಯನ್ನು ಕೆಡಿಸಿ ಅದು ಮರಿ ಹಾಕದಂತೆ ಮಾಡುತ್ತದೆ. ಕಣ್ಣು, ಚರ್ಮಕ್ಕೂ ಕೆಟ್ಟದ್ದೇ. ಹೊಸದಾಗಿ ಬಂದಿರುವುದು ಕ್ರಿಪ್ಟಾನ್ ಕ್ಲೋರೈಡ್ ದೀಪ, 222 ನ್ಯಾನೋಮೀಟರಿನದು. ಇದರ ಕಿರಣವನ್ನು ಚರ್ಮದ ಮೇಲಿನ ಸತ್ತ ಪದರ, ಕಣ್ಣಿನ ಮೇಲಿನ ನೀರಿನ ಪದರ ಬಹುತೇಕ ಹೀರಿಕೊಳ್ಳುತ್ತವೆ. ಆದರೆ ಗಾಳಿಯಲ್ಲಿ ತೇಲುವ ವೈರಸ್ಸಿಗೆ ಅಂಥ ಕವಚವಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಬ್ರೆನ್ನರ್ ತಂಡ 2018ರಲ್ಲಿ ಫ್ಲೂ ವೈರಸ್ ಮೇಲೆ, 2020ರಲ್ಲಿ ಕೊರೊನಾ ಜಾತಿಯ ವೈರಸ್‌ಗಳ ಮೇಲೆ ಈ ಕಿರಣ ಕೆಲಸ ಮಾಡುವುದನ್ನು ತೋರಿಸಿತು.

ಹೀಗಾಗಿ 222 ದೀಪವನ್ನು ಜನ ಇರುವಾಗಲೂ ಹಚ್ಚಬಹುದು ಎಂದರೆ ಎಷ್ಟಾದರೂ ಹಚ್ಚಬಹುದು ಎಂದಲ್ಲ. ಅಮೆರಿಕದ ಎಸಿಜಿಐಎಚ್ ಸಂಸ್ಥೆ ಎಂಟು ಗಂಟೆಗೆ ಕಣ್ಣಿಗೆ ಇಟ್ಟಿರುವ ಮಿತಿ 254ಕ್ಕೆ ಚದರ ಸೆಂಟಿಮೀಟರಿಗೆ 6 ಮಿಲಿಜೂಲ್. 222ಕ್ಕೆ 2022ರಿಂದ ಸುಮಾರು 161. ದೊಡ್ಡ ಅಂತರ ನಿಜ, ಆದರೂ ಮಿತಿ ಮಿತಿಯೇ. 222 ದೀಪ ಉದ್ದ ತರಂಗದ ಒಂದಿಷ್ಟು ಕಿರಣವನ್ನೂ ಹೊರಬಿಡುತ್ತದೆ, ಅದನ್ನು ತಡೆಯುವ ಫಿಲ್ಟರ್ ಇಲ್ಲದ ದೀಪವನ್ನು ನಾನು ಗೋಡೆಗೆ ಹಾಕುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಈ ದೀಪದಿಂದ ಹುಟ್ಟುವ ಓಝೋನ್ ಸೇರಿಕೊಳ್ಳುತ್ತದೆ, ಅದಕ್ಕೂ ಗಾಳಿ ಆಡಬೇಕು.

3. ಕಿರಣ ತಲೆಯ ಮೇಲೆ ಹಾಯಬೇಕು

ಅಗ್ಗದ 254 ಟ್ಯೂಬನ್ನೂ ಜನರ ನಡುವೆ ಬಳಸುವ ದಾರಿ ಹಳೆಯದು. 1930ರ ದಶಕದ ಕೊನೆ, 1940ರ ದಶಕದ ಆರಂಭದಲ್ಲಿ ಅಮೆರಿಕದ ವಿಲಿಯಂ ವೆಲ್ಸ್ ಶಾಲಾ ಕೋಣೆಗಳ ಮೇಲ್ಭಾಗದಲ್ಲಿ ಯುವಿ ಹಚ್ಚಿ ದಡಾರ ಹರಡುವುದನ್ನು ತಗ್ಗಿಸಿ ತೋರಿಸಿದರು. 1950ರ ದಶಕದಲ್ಲಿ ರಿಚರ್ಡ್ ರೈಲಿ ಬಾಲ್ಟಿಮೋರಿನ ಟಿಬಿ ವಾರ್ಡಿನ ಗಾಳಿಯನ್ನು ಗಿನಿಪಿಗ್‌ಗಳಿಗೆ ಬಿಟ್ಟರು. ಹಾಗೇ ಹೋದ ಗಾಳಿಯಿಂದ ಅವಕ್ಕೆ ಟಿಬಿ ಬಂತು, ಯುವಿ ಹಾಯ್ದ ಗಾಳಿಯಿಂದ ಬರಲಿಲ್ಲ. ಪೆರುವಿನ ಲಿಮಾದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಮುಂದೆ ವಾರ್ಡಿನ ಮೇಲ್ಭಾಗಕ್ಕೆ ದೀಪ ಹಾಕಿ ನೋಡಿದಾಗ ಗಿನಿಪಿಗ್‌ಗಳಿಗೆ ತಗಲುವ ಸೋಂಕು ಚೆನ್ನಾಗಿಯೇ ಇಳಿಯಿತು.

ಪಟ್ಟಿಪಟ್ಟಿ ಮರೆಯಿರುವ ಪೆಟ್ಟಿಗೆಯನ್ನು ಏಳು ಅಡಿಗಿಂತ ಮೇಲೆ ಹಾಕಿ, ಕಿರಣ ಅಡ್ಡಲಾಗಿ ಹೋಗುವಂತೆ ಕೂಡಿಸಬೇಕು. ಕೆಮ್ಮಿದ ಗಾಳಿ ಮೇಲೇರಿ, ಕಿರಣ ಹಾಯ್ದು ಮತ್ತೆ ಕೆಳಗಿಳಿಯಲು ಫ್ಯಾನು ಬೇಕೇ ಬೇಕು. ಫ್ಯಾನು ಬಂದ್ ಆದರೆ ಸೂರಿನ ಕೆಳಗಿನ ಗಾಳಿ ಮಾತ್ರ ಶುದ್ಧ. ನಮ್ಮ ಕಡೆಯ ಪರಸಿ ಕಲ್ಲಿನ ತಗ್ಗು ಸೂರಿನ ಕೋಣೆಯಲ್ಲಿ ಈ ದೀಪಕ್ಕೆ ಜಾಗವೇ ಇಲ್ಲ. ಅಂಥಲ್ಲಿ ಎಷ್ಟು ಒತ್ತಾಯ ಮಾಡಿದರೂ ನಾನು ಹಾಕುವುದಿಲ್ಲ.

ಕೂಡಿಸಿದ ಮೇಲೆ ಮೀಟರ್ ಹಿಡಿಯದೆ ಬಿಟ್ಟು ಬರಬಾರದು. ಪಾಲಿಕಾರ್ಬೊನೇಟ್ ಕನ್ನಡಕ ಹಾಕಿಕೊಂಡು, ಸೆನ್ಸರನ್ನು ನಿಂತವರ ಕಣ್ಣಿನ ಎತ್ತರಕ್ಕೆ ಹಿಡಿದು ಕೋಣೆಯ ಮೂಲೆಮೂಲೆ ಸುತ್ತುತ್ತೇನೆ. ಎಂಟು ಗಂಟೆ ದೀಪವನ್ನೇ ನೋಡುತ್ತ ಕೂತರೂ ತೊಂದರೆ ಆಗಬಾರದೆಂದರೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋವ್ಯಾಟ್ ದಾಟಬಾರದು. ಒಂದು ಕಡೆ ದೀಪ ಸರಿಯಾಗಿಯೇ ಕೂತಿತ್ತು, ಬಾಗಿಲ ಹತ್ತಿರ ಮಾತ್ರ ಅಂಕಿ ಏರುತ್ತಿತ್ತು. ಸೂರಿಗೆ ಬಡಿದಿದ್ದ ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಿರಣವನ್ನು ಕೆಳಗೆ ತಿರುಗಿಸುತ್ತಿತ್ತು. ಅದಕ್ಕೆ ಬಣ್ಣ ಹೊಡೆಸಿದ ಮೇಲೆ ಅಂಕಿ ಇಳಿಯಿತು. ಗೋಡೆಗೆ ಹೊಡೆಯುವ ಸಾಮಾನ್ಯ ಬಣ್ಣ ಈ ಕಿರಣವನ್ನು ಹೀರಿಕೊಳ್ಳುತ್ತದೆ.

ಏಸಿ ಕೊಳವೆಯಿರುವ ದೊಡ್ಡ ಕಟ್ಟಡಗಳಿಗೆ ಇನ್ನೊಂದು ದಾರಿಯಿದೆ. 2021ರಲ್ಲಿ ಸಂಸತ್ತಿನ ಸೆಂಟ್ರಲ್ ಹಾಲಿಗೆ ಚಂಡೀಗಢದ ಸಿಎಸ್‌ಐಒ ಸಂಸ್ಥೆ ಮಾಡಿದ ಹಾಗೆ ದೀಪವನ್ನು ಕೊಳವೆಯೊಳಗೇ ಹಾಕಿದರೆ ಯಾರ ಕಣ್ಣಿಗೂ ಬೀಳದು.

4. ಮೈಮೇಲೆ ಬಿಡುವ ದೀಪ ಯಾವುದೂ ಬೇಡ

2020ರಲ್ಲಿ ಕೈಗೆ ಯುವಿ ಹಿಡಿಯುವ ಕಡ್ಡಿಗಳು, ಜನ ಒಳಗೆ ನಡೆದು ಹೋಗುವ ಸುರಂಗಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆ ಕೈಗೆ, ಚರ್ಮಕ್ಕೆ ಯುವಿ ಬೇಡ ಎಂದಿತು. ಮನುಷ್ಯರ ಮೇಲೆ ರಾಸಾಯನಿಕ ಸಿಂಪಡಿಸುವುದು, ಕೃತಕ ಯುವಿ ಬಿಡುವುದರ ವಿರುದ್ಧ ಸೂಚನೆ ಹೊರಡಿಸುವಂತೆ ಸುಪ್ರೀಂ ಕೋರ್ಟ್ 2020ರ ನವೆಂಬರ್ 5ರಂದು ಕೇಂದ್ರಕ್ಕೆ ಹೇಳಿತು.

5. ನೀಲಿ ಬೆಳಕನ್ನು ನಂಬಬೇಡಿ

ಟ್ಯೂಬು ಹಳತಾದರೂ ನೀಲಿಯಾಗಿ ಉರಿಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಕಿರಣ ಮಾತ್ರ ಕಡಿಮೆಯಾಗಿರುತ್ತದೆ. ಸಾಮಾನ್ಯವಾಗಿ 9000 ಗಂಟೆಗೆ ಟ್ಯೂಬು ಬದಲಿಸಬೇಕು, ಅಂದರೆ ಹಗಲು-ರಾತ್ರಿ ಉರಿದರೆ ವರ್ಷಕ್ಕೊಮ್ಮೆ. ಸುತ್ತ ಹತ್ತಿ, ತೊಗರಿ ಹೊಲ, ಬೇಸಿಗೆಯಲ್ಲಿ ಧೂಳೋ ಧೂಳು. ಟ್ಯೂಬಿನ ಮೇಲೆ ತೆಳು ಪದರ ಕೂತರೂ ಕಿರಣ ತಗ್ಗುತ್ತದೆ. ಕರೆಂಟ್ ತೆಗೆದು, ಟ್ಯೂಬು ಆರಿದ ಮೇಲೆ ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಒಡೆದರೆ ಪಾದರಸ ಬೀಳುತ್ತದೆ, ಕಸಬರಿಗೆ ಹಚ್ಚಬೇಡಿ.

6. ಏಣಿ ಹತ್ತುವವರ ಬಗ್ಗೆ ಯಾರೂ ಯೋಚಿಸುವುದಿಲ್ಲ

ರೋಗಿಗೆ, ಸಿಸ್ಟರಿಗೆ ಲೆಕ್ಕ ಹಾಕುತ್ತೇವೆ. ಬಣ್ಣ ಹೊಡೆಯುವವ, ಜೇಡರ ಬಲೆ ತೆಗೆಯುವ ಆಯಾ, ಫ್ಯಾನು ರಿಪೇರಿಯವ ನೇರ ಕಿರಣದೊಳಗೇ ತಲೆ ಹಾಕುತ್ತಾರೆ. ಅದಕ್ಕೇ ದೀಪಕ್ಕೆ ಬೇರೆ ಸ್ವಿಚ್, ಅದರ ಮೇಲೆ ಕನ್ನಡದಲ್ಲೂ ಉರ್ದುವಿನಲ್ಲೂ ದಪ್ಪಕ್ಷರದ ಬೋರ್ಡು. “ಅವ್ವ, ಏಣಿ ಹತ್ತೂಕಿಂತ ಮೊದ್ಲ ಇದನ್ನ ಬಂದ್ ಮಾಡ್ರಿ” ಎಂದು ಆಯಾಗೆ ಕೈಹಿಡಿದು ಸ್ವಿಚ್ ತೋರಿಸಿಯೇ ಬರುತ್ತೇನೆ.

7. ಕಿಟಕಿ ತೆರೆದ ಮೇಲೆ ದೀಪದ ಮಾತು

ಆಸ್ಪತ್ರೆ ಗಾಳಿಯ ಸೋಂಕು ತಡೆಯಲು 2010ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಕೊಟ್ಟ ಮಾರ್ಗಸೂಚಿಯೂ ದೀಪಕ್ಕಿಂತ ಮೊದಲ ಜಾಗವನ್ನು ರೋಗಿಗಳ ವ್ಯವಸ್ಥೆಗೆ, ಗಾಳಿಯಾಡುವುದಕ್ಕೆ ಕೊಡುತ್ತದೆ. ಕೆಮ್ಮುವವರನ್ನು ಬೇರೆ ಕೂಡಿಸುವುದು, ಮಾಸ್ಕ್ ಕೊಡುವುದು, ಎದುರುಬದುರಿನ ಕಿಟಕಿ ತೆರೆಯುವುದು, ಇವಕ್ಕೆ ಕರೆಂಟ್ ಬೇಡ. ಬಿಸಿಗಾಳಿಗೆ ಹೆದರಿ ಕಿಟಕಿ ಮುಚ್ಚುವ ಏಪ್ರಿಲ್-ಮೇ ತಿಂಗಳಲ್ಲಿ ದೀಪದ ಅಗತ್ಯ ನಿಜವಾಗಿಯೂ ಇದೆ.

222 ದೀಪ ತರಿಸಲೇ ಎಂದು ವೈದ್ಯರು ಕೇಳುತ್ತಾರೆ. 2022ರಲ್ಲಿ ಬ್ರಿಟನ್ನಿನ ಲೀಡ್ಸ್‌ನಲ್ಲಿ ಕೋಣೆಯಷ್ಟು ದೊಡ್ಡ ಪೆಟ್ಟಿಗೆಯೊಳಗೆ ಇದು ಗಾಳಿಯ ಬ್ಯಾಕ್ಟೀರಿಯಾವನ್ನು ಶೇ. 98ರಷ್ಟು ಇಳಿಸಿತು. ಆದರೆ ಕೆನಡಾದ ವೃದ್ಧಾಶ್ರಮಗಳ ಎಲ್ಲರೂ ಸೇರುವ ಕೋಣೆಗಳಲ್ಲಿ ಹಚ್ಚಿ ನೋಡಿದಾಗ ನಿವಾಸಿಗಳ ಸೋಂಕು ಇಳಿದದ್ದು ಕಾಣಲಿಲ್ಲ. ಅಲ್ಲಿ ದೀಪವಿದ್ದರೂ ಸೋಂಕು ಮಲಗುವ ಕೋಣೆಯಲ್ಲಿ ತಗಲಬಹುದಲ್ಲ. ಅದಕ್ಕೇ ನನ್ನ ಸಲಹೆ: ದುಡ್ಡು ಒಂದೇ ದೀಪಕ್ಕಿದ್ದರೆ ಕಫ ಪರೀಕ್ಷೆಗೆ ಜನ ಕಾದು ಕೂರುವ ಜಾಗಕ್ಕೆ ಹಾಕಿ. ಖರೀದಿ ಚೀಟಿಯಲ್ಲಿ ಫಿಲ್ಟರ್ ಇದೆಯೆಂಬ ಪ್ರಮಾಣಪತ್ರ, ಎಷ್ಟು ದೂರದಲ್ಲಿ ಎಷ್ಟು ಕಿರಣ ಎಂಬ ಪಟ್ಟಿ, ಕೂಡಿಸಿದ ದಿನವೇ ಮೀಟರ್ ಹಿಡಿದು ಬರೆದುಕೊಡುವ ಅಂಕಿ, ಈ ಮೂರನ್ನೂ ಬರೆಸಿ. ಮೂರೂ ಬರುವವರೆಗೆ ಬಿಲ್ಲಿಗೆ ಸಹಿ ಹಾಕಬೇಡಿ.